ಡಬ್ಬ ಮಾತಾಡದ ದಿನ

2025ರ ಏಪ್ರಿಲ್ 12, ಶನಿವಾರ. ಚೈತ್ರ ಹುಣ್ಣಿಮೆ. ಬೆಂಗಳೂರಿನಲ್ಲಿ ಅವತ್ತು ರಾತ್ರಿ ಕರಗ. ಹನುಮ ಜಯಂತಿಯೂ ಅವತ್ತೇ. ನಮ್ಮ ಕಡೆ ಬಹಳ ಮನೆಗಳಲ್ಲಿ ಹನುಮನ ವ್ರತ ಮಾಡುವುದು ಮಾರ್ಗಶಿರದಲ್ಲಿ. ಆದರೂ ಚೈತ್ರ ಹುಣ್ಣಿಮೆಗೂ ಆಂಜನೇಯನ ಗುಡಿಗಳಲ್ಲಿ ಜನ ತುಂಬುತ್ತಾರೆ. ಅದರ ಮೇಲೆ ಶನಿವಾರ ಬೇರೆ. ಹೂವು ಮಾರುವವರಿಗೆ ಇಂಥ ದಿನ ವರ್ಷಕ್ಕೆ ನಾಲ್ಕೋ ಐದೋ ಸಿಗುತ್ತವೆ.

ಅವತ್ತು ತಿಂಗಳ ಎರಡನೇ ಶನಿವಾರವೂ ಆಗಿತ್ತು. ಬ್ಯಾಂಕಿಗೆ ರಜ.

ಅದೇ ದಿನ ಮಧ್ಯಾಹ್ನದ ಹೊತ್ತಿಗೆ ದೇಶದ ಉದ್ದಗಲಕ್ಕೂ ಯುಪಿಐ ಕೈಕೊಟ್ಟಿತು. ಪೂರ್ತಿ ನಿಂತುಹೋಗಲಿಲ್ಲ. ಒಬ್ಬರದು ಹೋಗುತ್ತಿತ್ತು, ಇನ್ನೊಬ್ಬರದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಗಂಟೆಗಟ್ಟಲೆ ಹೀಗೇ ನಡೆಯಿತು. ಮಾರನೇ ದಿನ ಪೇಪರಿನಲ್ಲಿ ಸುದ್ದಿ ಬಂತು, ಆಮೇಲೆ ಎಲ್ಲರೂ ಮರೆತರು. ನನಗೆ ಮರೆಯಲು ಆಗಲಿಲ್ಲ. ಆ ಹೊತ್ತಿನಲ್ಲಿ ನಾನು ಒಂದು ಹೂವಿನ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿ ಆದದ್ದನ್ನು ಲೆಕ್ಕದ ಸಮೇತ ಬರೆದಿಡಬೇಕು ಅನ್ನಿಸಿದೆ.

ಅಂಗಡಿ

ನಮ್ಮ ಬಡಾವಣೆಯ ಆಂಜನೇಯನ ಗುಡಿಯ ಪಕ್ಕ ಒಂದು ಅರಳಿಕಟ್ಟೆ ಇದೆ. ಅದಕ್ಕೆ ಒತ್ತಿಕೊಂಡೇ ಅಂಗಡಿ. ಅಂಗಡಿ ಅಂದರೆ ನಾಲ್ಕು ಕೋಲು, ಮೇಲೊಂದು ನೀಲಿ ಟಾರ್ಪಾಲು, ಕೆಳಗೆ ಮರದ ಹಲಗೆ. ಹಲಗೆ ಮೇಲೆ ಒದ್ದೆ ಬಟ್ಟೆ ಹಾಸಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ, ತುಳಸಿ ಹಾರ ಇಟ್ಟಿರುತ್ತಾರೆ. ಶನಿವಾರ ಆದರೆ ವೀಳ್ಯದೆಲೆ ಹಾರವೂ ಇರುತ್ತದೆ. ಅಕ್ಕ ಅಲ್ಲಿ 26 ವರ್ಷದಿಂದ ಹೂ ಕಟ್ಟುತ್ತಿದ್ದಾರೆ. ನಾವೆಲ್ಲ ಹೂವಿನಕ್ಕ ಅಂತಲೇ ಕರೆಯುವುದು.

ಬೆಳಗಿನ ಜಾವ 4 ಗಂಟೆಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂ ತರುತ್ತಾರೆ. ಮಂಡಿಯವರು ಅಕ್ಕನಿಗೆ ಸಾಲ ಕೊಡುತ್ತಾರೆ. ಆದರೆ ಅದು ಒಂದೇ ದಿನದ ಸಾಲ. ಇವತ್ತಿನ ಹೂವಿನ ದುಡ್ಡು ನಾಳೆ ಬೆಳಗಿನ ಜಾವ ಕೊಟ್ಟರೆ ಮಾತ್ರ ನಾಳೆಯ ಹೂ. ಈ ಒಂದು ಮಾತು ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಅಕ್ಕನ ಅಂಗಡಿಗೆ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದವಳು ನಾನೇ. 2020ರಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ. ಆಗ ಜನ ನೋಟು ಮುಟ್ಟುವುದಕ್ಕೂ ಹೆದರುತ್ತಿದ್ದರು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಯೋಜನೆ ತಂದಿತು. ಮೊದಲ ಸಲ 10,000 ರೂಪಾಯಿ ಸಾಲ. ಫೋನಿನ ಮೂಲಕ ದುಡ್ಡು ತೆಗೆದುಕೊಂಡರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್. ಅಕ್ಕನಿಗೆ ಆ ಸಾಲ ಸಿಕ್ಕಿತು. ಲಾಕ್‌ಡೌನಿನಲ್ಲಿ ಮುಳುಗಿದ್ದ ವ್ಯಾಪಾರ ಮತ್ತೆ ಎದ್ದು ನಿಂತದ್ದು ಅದರಿಂದಲೇ.

ಹಾಗಾಗಿ ಯುಪಿಐ ಕೆಟ್ಟದ್ದು ಅಂತ ಹೇಳಲು ನಾನು ಬರೆಯುತ್ತಿಲ್ಲ. ಅದರಿಂದ ಅಕ್ಕನಿಗೆ ಆದ ಉಪಕಾರವನ್ನು ಕಣ್ಣಾರೆ ನೋಡಿದ್ದೇನೆ. ಚಿಲ್ಲರೆ ಜಗಳ ನಿಂತಿತು. ಹರಿದ ನೋಟು ಮಡಚಿ ಕೊಟ್ಟು ಹೋಗುವವರ ಕಾಟ ತಪ್ಪಿತು. ಕತ್ತಲಲ್ಲಿ ಮಾರ್ಕೆಟ್ಟಿಗೆ ಹೋಗುವಾಗ ಸೆರಗಿನಲ್ಲಿ ಸಾವಿರಾರು ರೂಪಾಯಿ ಕಟ್ಟಿಕೊಂಡು ಹೋಗುವ ಭಯವೂ ಹೋಯಿತು.

ಆದರೆ ಅದರ ಜೊತೆಗೆ ಎರಡು ವಸ್ತುಗಳು ಅಂಗಡಿಯಿಂದ ಮಾಯವಾದವು. ಒಂದು, ಚಿಲ್ಲರೆ ತುಂಬಿದ ತಗಡಿನ ಡಬ್ಬ. ಇನ್ನೊಂದು, ಉದ್ರಿ ಪುಸ್ತಕ. ಮೊದಲು ತಿಂಗಳ ಲೆಕ್ಕದಲ್ಲಿ ಹೂ ತೆಗೆದುಕೊಳ್ಳುವ ಮೂವತ್ತು ಮನೆಗಳಿದ್ದವು. "ಮೂಲೆ ಮನೆ ಅಮ್ಮ, 2 ಮೊಳ." "ಮಹಡಿ ಮನೆ ಟೀಚರ್, 1 ಮೊಳ ಕನಕಾಂಬರ." ಹೀಗೆ ಬರೆದಿಡುತ್ತಿದ್ದರು. ದಿನದ ದುಡ್ಡು ದಿನವೇ ಫೋನಿನಲ್ಲಿ ಬರತೊಡಗಿದ ಮೇಲೆ ಪುಸ್ತಕ ಯಾಕೆ ಬೇಕು? 2022ರ ಹೊತ್ತಿಗೆ ಅದೂ ಮುಚ್ಚಿತು. ತಗಡಿನ ಡಬ್ಬಕ್ಕೆ ಸೂಜಿ, ದಾರ, ಕತ್ತರಿ ಬಂದು ಕೂತವು. ಅದರ ಜಾಗದಲ್ಲಿ ಇನ್ನೊಂದು ಡಬ್ಬ ಬಂತು. ಮಾತಾಡುವ ಸೌಂಡ್ ಬಾಕ್ಸ್.

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತಾರೆ, ಬರೆಯುತ್ತಾರೆ. ಬ್ಯಾಂಕಿನಿಂದ ಬರುವ ಇಂಗ್ಲಿಷ್ ಮೆಸೇಜು ಓದಲು ಬರುವುದಿಲ್ಲ. ಅವರಿಗೆ ದುಡ್ಡು ಬಂತು ಅಂದರೆ ಆ ಡಬ್ಬ ಕನ್ನಡದಲ್ಲಿ ಕೂಗಿತು ಅಂತ ಅರ್ಥ.

ಆ ಮಧ್ಯಾಹ್ನ

ಏಪ್ರಿಲ್ 12ರ ಬೆಳಗ್ಗೆ ಅಕ್ಕ 6,500 ರೂಪಾಯಿಯ ಹೂ ತಂದಿದ್ದರು. ಮಾಮೂಲಿ ದಿನ ಆದರೆ 2,500 ರೂಪಾಯಿಯದು ಸಾಕು. ಕರಗದ ದಿನ ಮಲ್ಲಿಗೆಗೆ ಬೆಲೆ ಏರುತ್ತದೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟಾಗ ಜನ ಮಲ್ಲಿಗೆ ಎರಚುತ್ತಾರಲ್ವಾ, ಇಡೀ ಪೇಟೆಗೆ ಹೂ ಬೇಕು. ನಮ್ಮ ಕಡೆಯಿಂದ ಕರಗ ನೋಡಲು ಹೋಗುವ ಹೆಂಗಸರೂ ಸಾಯಂಕಾಲ ಮುಡಿಗೆ ಮಲ್ಲಿಗೆ ಕೇಳುತ್ತಾರೆ ಅಂತ ಅಕ್ಕ ಜಾಸ್ತಿಯೇ ತಂದಿದ್ದರು.

ಹನ್ನೊಂದೂವರೆ ತನಕ ಎಲ್ಲ ಚೆನ್ನಾಗಿತ್ತು. 3,100 ರೂಪಾಯಿ ವ್ಯಾಪಾರ.

ನಾನು ಹೋದಾಗ ಹನ್ನೆರಡು ಕಾಲು. ಹಲಗೆ ಮುಂದೆ ಏಳೆಂಟು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಕಣ್ಣೂ ಸ್ಕ್ರೀನಿನ ಮೇಲೆ. ಅಕ್ಕ ತುಳಸಿ ಹಾರ ಎಲೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದರು. ಕೊಡುವ ಹಾಗಿಲ್ಲ, ಕೆಳಗಿಡುವ ಹಾಗೂ ಇಲ್ಲ.

"ಡಬ್ಬ ಮಾತಾಡ್ತಿಲ್ಲ ಕಣಮ್ಮ," ಅಂದರು ನನ್ನನ್ನು ನೋಡಿ.

ಚಾರ್ಜ್ ಹೋಗಿದೆ ಅಂದುಕೊಂಡು ಆಫ್ ಮಾಡಿ ಆನ್ ಮಾಡಿದೆ. ಡಬ್ಬ ಸರಿಯಾಗೇ ಇತ್ತು. ನನ್ನ ಫೋನಿನಿಂದ 20 ರೂಪಾಯಿ ಕಳಿಸಿ ನೋಡಿದೆ. ದುಂಡಗಿನ ಗೆರೆ ಸುತ್ತುತ್ತಲೇ ಇತ್ತು. ಒಬ್ಬ ಹುಡುಗ ಎರಡು ಸಲ 60 ರೂಪಾಯಿ ಕಳಿಸಿದ್ದ, ಎರಡೂ ಸಿಕ್ಕಿಕೊಂಡಿದ್ದವು. ಇನ್ನೊಬ್ಬ ಹೆಂಗಸಿನ ಖಾತೆಯಿಂದ 180 ರೂಪಾಯಿ ಹೋಗಿತ್ತು, ಅಕ್ಕನಿಗೆ ಬಂದಿರಲಿಲ್ಲ. "ನನ್ನ ಅಕೌಂಟಲ್ಲಿ ಕಟ್ ಆಗಿದೆ ಕಣಕ್ಕ, ನೋಡಿ," ಅಂತ ಅವರು ಮೆಸೇಜು ತೋರಿಸಿದರು. ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅಕ್ಕನಿಗೆ ಆ ಮೆಸೇಜು ಓದಲು ಬರುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ಡಬ್ಬ ಕೂಗಲಿಲ್ಲ.

ಯಾರ ಹತ್ತಿರವೂ ನಗದು ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡು, ಎರಡು ಬ್ಯಾಂಕಿನ ಕಾರ್ಡು, ಒಂದು ಮಾತ್ರೆ ಚೀಟಿ ಇತ್ತು. ಅಕ್ಕನ ಹತ್ತಿರ ಕಾರ್ಡು ಉಜ್ಜುವ ಮಿಷನ್ ಇಲ್ಲ.

ಹತ್ತಿರದಲ್ಲಿ ಎರಡು ಎಟಿಎಂ ಇವೆ. ಒಂದರಲ್ಲಿ ಒಂದು ಗಂಟೆಗೆಲ್ಲ ದುಡ್ಡು ಖಾಲಿ. ಇನ್ನೊಂದರಲ್ಲಿ ಬರುತ್ತಿದ್ದದ್ದು ಬರೀ 500ರ ನೋಟು. ಜನ ಬಿಸಿಲಲ್ಲಿ ಹೋಗಿ ಸಾಲಲ್ಲಿ ನಿಂತು 500 ತಂದು 40 ರೂಪಾಯಿ ಹೂವಿಗೆ ಕೊಟ್ಟರು. ನಾಲ್ಕನೇ ನೋಟಿಗೆ ಅಕ್ಕನ ಹತ್ತಿರ ಇದ್ದ ಚಿಲ್ಲರೆ ಮುಗಿಯಿತು. ಕಾಯಿ ಅಂಗಡಿಯವರ ಹತ್ತಿರವೂ ಇಲ್ಲ, ಟೀ ಅಂಗಡಿಯಲ್ಲೂ ಇಲ್ಲ.

ಆಗ ಅಕ್ಕ ಒಂದು ಕೆಲಸ ಮಾಡಿದರು. ಎರಡು 500ರ ನೋಟು ಹಿಡಿದು ಗುಡಿಯೊಳಗೆ ಹೋದರು. ಅರ್ಚಕರು ಆರತಿ ತಟ್ಟೆಯನ್ನು ಮುಂದೆ ಸರಿಸಿ ಎಣಿಸತೊಡಗಿದರು. ಹತ್ತರ ನೋಟು, ಇಪ್ಪತ್ತರ ನೋಟು, ಐದರ ನಾಣ್ಯ, ಕುಂಕುಮ ಮೆತ್ತಿದ ಒಂದು ರೂಪಾಯಿಗಳು. 1,000 ರೂಪಾಯಿ ಚಿಲ್ಲರೆ ಅಕ್ಕನ ಸೆರಗಿಗೆ ಬಂತು. ಇಡೀ ಬೀದಿಯಲ್ಲಿ ಆಗ ಚಿಲ್ಲರೆ ಓಡಾಡುತ್ತಿದ್ದ ಜಾಗ ಅದೊಂದೇ. ಗುಡಿಯ ಹುಂಡಿಗೂ ಸ್ಕ್ಯಾನ್ ಚೀಟಿ ಇದೆ. ಆದರೆ ತಟ್ಟೆಗೆ ಮಾತ್ರ ಜನ ಇನ್ನೂ ಕೈಯಿಂದಲೇ ಹಾಕುತ್ತಾರೆ.

ಅದೂ ಒಂದು ತಾಸಿಗೆ ಸಾಕಾಯಿತು ಅಷ್ಟೇ. ಆಮೇಲೆ ಬಂದವರಿಗೆ ಉದ್ರಿ.

"ಅಕ್ಕ, ಗುರುತಿಲ್ಲದೋರಿಗೆ ಕೊಡ್ಬೇಡಿ," ಅಂದೆ.

"ದೇವ್ರಿಗೆ ಅಂತ ಹೂ ಕೇಳ್ದೋರಿಗೆ ಹೆಂಗಮ್ಮ ಇಲ್ಲ ಅನ್ನೋದು? ಬರ್ಕೋ ನೀನು."

ಬರೆಯಲು ಪುಸ್ತಕ ಇಲ್ಲ. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿಯಲ್ಲಿ ಬರೆಯತೊಡಗಿದೆ. ಗೊತ್ತಿದ್ದವರ ಹೆಸರು ಬರೆದೆ. ಗೊತ್ತಿಲ್ಲದವರಿಗೆ ಅಕ್ಕ ಗುರುತು ಹೇಳಿದರು. "ಕೆಂಪು ಸ್ಕೂಟಿ, 80." "ಕನ್ನಡಕ, ನೀಲಿ ಬ್ಯಾಗು, 60." "ಎರಡು ಹೆಣ್ಮಕ್ಕಳ ತಾಯಿ, 120." ಮೊದಲ ಸಾಲು ನನ್ನದು, ಒಂದು ವೀಳ್ಯದೆಲೆ ಹಾರ. ನಾಲ್ಕೂವರೆ ಹೊತ್ತಿಗೆ ಡಬ್ಬ ಮತ್ತೆ ಬಾಯಿ ಬಿಟ್ಟಾಗ ಹಾಳೆಯಲ್ಲಿ 31 ಸಾಲುಗಳಿದ್ದವು.

ಆದರೆ ಬರೆಸಿದವರಿಗಿಂತ ಹಾಗೇ ತಿರುಗಿ ಹೋದವರೇ ಜಾಸ್ತಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗುರುತಿಲ್ಲದ ಅಂಗಡಿಯಲ್ಲಿ ಸಾಲ ಕೇಳಲು ಯಾರಿಗೂ ನಾಚಿಕೆಯೇ. ದೇವರಿಗೆ ಕೈಮುಗಿದು ಹೋದರು, ಅಷ್ಟೇ. ಬಿಸಿಲು ಏರುತ್ತಿತ್ತು. ಅಕ್ಕ ಹತ್ತು ನಿಮಿಷಕ್ಕೊಮ್ಮೆ ಹೂವಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಮೂರು ಗಂಟೆ ಹೊತ್ತಿಗೆ ಮೊಗ್ಗಾಗಿದ್ದ ಮಲ್ಲಿಗೆ ಅರಳಿ ಅಂಚು ಕಂದತೊಡಗಿತ್ತು. ಅರಳಿದ ಮಲ್ಲಿಗೆಗೆ ಸಾಯಂಕಾಲ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ.

ಲೆಕ್ಕ

ಮರುವಾರ ಅಕ್ಕನ ಜೊತೆ ಕೂತು ಲೆಕ್ಕ ಹಾಕಿದೆ.

ಬೆಳಗಿನ ವ್ಯಾಪಾರ 3,100. ತೊಂದರೆ ಇದ್ದ ಹೊತ್ತಿನಲ್ಲಿ ನಗದಾಗಿ ಬಂದದ್ದು 1,150. ಉದ್ರಿ ಬರೆದದ್ದು 1,940. ಸಾಯಂಕಾಲದಿಂದ ರಾತ್ರಿ 9ರ ತನಕ ಬೆಲೆ ಇಳಿಸಿ ಮಾರಿದ್ದು 1,600. ಉದ್ರಿಯ 31 ಸಾಲುಗಳಲ್ಲಿ 23 ಜನ ವಾರದೊಳಗೆ ಬಂದು ಕೊಟ್ಟರು. ಎಂಟು ಜನ ಬರಲಿಲ್ಲ, 510 ರೂಪಾಯಿ ನಿಂತುಹೋಯಿತು. ಅಂದರೆ ಕೈಗೆ ಬಂದದ್ದು 7,280. ಮಂಡಿಗೆ 6,500, ಆಟೋಗೆ 250. ಬೆಳಗಿನ ಜಾವ 4ರಿಂದ ರಾತ್ರಿ 9ರ ತನಕ ದುಡಿದದ್ದಕ್ಕೆ ಅಕ್ಕನಿಗೆ ಉಳಿದದ್ದು 530 ರೂಪಾಯಿ. ಇಂಥ ಹಬ್ಬದ ದಿನ ಮಾಮೂಲಿಯಾಗಿ ಮೂರು ಸಾವಿರ ಉಳಿಯುತ್ತಿತ್ತು.

ಅವತ್ತು ರಾತ್ರಿಯ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಉದ್ರಿ ಬಂದಿಲ್ಲ, ಬೆಳಗ್ಗೆ ಮಂಡಿಗೆ ಕೊಡಬೇಕು. ಚೀಟಿ ಫಂಡಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಿಂದ ತೆಗೆದು ಕೊಟ್ಟರು.

ಖಾತೆಯಿಂದ 180 ರೂಪಾಯಿ ಹೋಗಿತ್ತಲ್ಲ, ಆ ಹೆಂಗಸಿಗೆ ದುಡ್ಡು ವಾಪಸ್ ಬಂತು. ಅವರು ಬಂದು ಅಕ್ಕನಿಗೆ ಕೊಟ್ಟರು. ಇಂಥದ್ದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2019ರದ್ದು. ಅಂಗಡಿಗೆ ಕಟ್ಟಿದ ಯುಪಿಐ ದುಡ್ಡು ಮಧ್ಯದಲ್ಲಿ ಸಿಕ್ಕಿಕೊಂಡರೆ 5 ದಿನದೊಳಗೆ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೆಯ ನಿಯಮ. ಆದರೆ ಅದು ಕಾಯುವುದು ಕೊಳ್ಳುವವರ ದುಡ್ಡನ್ನು. ಮಲ್ಲಿಗೆ ಬಾಳುವುದು ಒಂದು ದಿನ. ಬಾಡಿದ ಹೂವಿಗೆ ಯಾವ ನಿಯಮದಲ್ಲೂ ಜಾಗವಿಲ್ಲ.

ಯಾಕೆ ಹೀಗಾಯಿತು

20 ರೂಪಾಯಿ ಹೂವಿಗೆ ಸ್ಕ್ಯಾನ್ ಮಾಡಿದಾಗ ಒಳಗೆ ಏನಾಗುತ್ತದೆ? ನನ್ನ ಆ್ಯಪು ತನ್ನ ಬ್ಯಾಂಕಿಗೆ ಹೇಳುತ್ತದೆ. ಆ ಬ್ಯಾಂಕು ಯುಪಿಐ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್‌ನ ನಡುಮನೆಗೆ ಹೇಳುತ್ತದೆ. ನಡುಮನೆ ನನ್ನ ಖಾತೆ ಇರುವ ಬ್ಯಾಂಕಿಗೆ 'ದುಡ್ಡು ತೆಗಿ' ಅನ್ನುತ್ತದೆ, ಅಕ್ಕನ ಬ್ಯಾಂಕಿಗೆ 'ಹಾಕು' ಅನ್ನುತ್ತದೆ. ಎಲ್ಲರೂ ಹೂಂ ಅಂದ ಮೇಲೆ ಡಬ್ಬ ಕೂಗುತ್ತದೆ. ಇಷ್ಟೆಲ್ಲ ಎರಡು ಮೂರು ಸೆಕೆಂಡಿನಲ್ಲಿ. 2025ರ ಮಾರ್ಚ್ ಒಂದೇ ತಿಂಗಳಲ್ಲಿ ಹೀಗೆ 1,830 ಕೋಟಿ ಸಲ ನಡೆದಿದೆ. ನಿಜಕ್ಕೂ ದೊಡ್ಡ ಸಾಧನೆ, 2016ರಲ್ಲಿ ಶುರುವಾದ ವ್ಯವಸ್ಥೆ ಇದು.

ಏಪ್ರಿಲ್ 12ರಂದು ಎಡವಿದ್ದು ವಿಚಿತ್ರವಾದ ಜಾಗದಲ್ಲಿ. ದುಡ್ಡು ಹೋಯಿತೋ ಇಲ್ಲವೋ ಅಂತ ಗೊತ್ತಾಗದಿದ್ದಾಗ ಬ್ಯಾಂಕುಗಳ ಕಂಪ್ಯೂಟರುಗಳು ನಡುಮನೆಯನ್ನು 'ಏನಾಯ್ತು?' ಅಂತ ಕೇಳುತ್ತವೆ. ಅವತ್ತು ಕೆಲವು ಬ್ಯಾಂಕುಗಳಿಂದ ಈ ಪ್ರಶ್ನೆಗಳು ಮತ್ತೆ ಮತ್ತೆ ಬಂದು, ಹಳೇ ವ್ಯವಹಾರಗಳ ಬಗ್ಗೆಯೂ ಬಂದು, ನಡುಮನೆಯ ಮೇಲೆ ಹೊರೆ ಬಿತ್ತು. ಆಮೇಲೆ ನಿಯಮ ಬಿಗಿ ಮಾಡಿದರು. 90 ಸೆಕೆಂಡ್ ಕಾಯದೆ ಕೇಳುವ ಹಾಗಿಲ್ಲ, ಮೂರು ಸಲಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ ಅಂದರು. ಆಗಸ್ಟ್‌ನಿಂದ ನಮಗೂ ಮಿತಿ ಬಂತು. ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು.

ಇಂಟರ್ನೆಟ್ ಇಲ್ಲದಿದ್ದರೂ ಸಾದಾ ಫೋನಿನಿಂದ ದುಡ್ಡು ಕಳಿಸುವ ದಾರಿಗಳಿವೆ. ಅವತ್ತು ಅವೂ ನೆರವಿಗೆ ಬರುವಂತಿರಲಿಲ್ಲ. ಬಾಗಿಲು ಬೇರೆ, ಆದರೆ ಹೋಗಿ ಸೇರುವುದು ಅದೇ ನಡುಮನೆಗೆ.

ನನ್ನ ತಮ್ಮ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ವರ್ಷದಲ್ಲಿ ಕೆಲವು ಗಂಟೆ ನಿಂತ್ರೆ ಏನಕ್ಕಾ? ಬ್ಯಾಂಕು ಇದಕ್ಕಿಂತ ಜಾಸ್ತಿ ಮುಚ್ಚಿರತ್ತೆ," ಅಂದ. ಆ ಕೆಲವು ಗಂಟೆಯಲ್ಲೂ ಮಾರ್ಚ್ 26, ಏಪ್ರಿಲ್ 2, ಏಪ್ರಿಲ್ 12, ಹೀಗೆ ಮೂರು ಸಲ ಮೂರು ವಾರದೊಳಗೇ ಬಂತು ಅಂತ ನೆನಪಿಸಿದೆ. ಆದರೂ ಅವನ ಮಾತು ಲೆಕ್ಕದಲ್ಲಿ ಸರಿ. ನನ್ನ ತಕರಾರು ಬೇರೆ ಕಡೆ ಇದೆ. ನಿಂತ ಗಂಟೆಗಳ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ತಮ್ಮನಿಗೆ ಅವತ್ತು ಮಧ್ಯಾಹ್ನದ ಕಾಫಿ ತಪ್ಪಿತು. ಅಕ್ಕನಿಗೆ ಹಬ್ಬವೇ ತಪ್ಪಿತು. ಪರ್ಸಿನಲ್ಲಿ ನೋಟು ಇಟ್ಟುಕೊಳ್ಳದೆ ಹಗುರಾಗಿ ಓಡಾಡುವ ಸುಖ ನಮ್ಮದು. ಅದು ಕೈಕೊಟ್ಟ ದಿನದ ನಷ್ಟ ಬಾಡುವ ಸರಕು ಇಟ್ಟುಕೊಂಡವರದು. ನಾವು ಈ ಸೌಕರ್ಯಕ್ಕೆ ಅತಿಯಾಗಿ ಒಗ್ಗಿಹೋಗಿದ್ದೇವೆ ಅಂತ ನಾನು ಹೇಳುವುದು ಈ ಅರ್ಥದಲ್ಲಿ.

ನಮ್ಮಜ್ಜಿ ಮನೆಗೆ ಕರೆಂಟು ಬಂದ ಮೇಲೂ ಲಾಟೀನಿನ ಗಾಜು ಒರೆಸಿ, ಎಣ್ಣೆ ತುಂಬಿ ಮೂಲೆಯಲ್ಲಿ ಇಟ್ಟಿರುತ್ತಿದ್ದರು. ಕರೆಂಟು ದಿನಾ ಹೋಗುತ್ತಿತ್ತು, ಅದಕ್ಕೇ ಲಾಟೀನು ಉಳಿಯಿತು. ಯುಪಿಐ ಅಷ್ಟು ಚೆನ್ನಾಗಿ ನಡೆಯಿತು ನೋಡಿ, ನಾವು ಲಾಟೀನು ಎಸೆದುಬಿಟ್ಟೆವು. ನಾನಂತೂ ಅಕ್ಕನ ಕೈಯಿಂದಲೂ ಎಸೆಯಿಸಿದೆ. "ಇನ್ನು ಆ ಪುಸ್ತಕ ಯಾಕಕ್ಕ?" ಅಂದವಳು ನಾನೇ.

ನೋಟು ದೇಶದಲ್ಲಿ ಕಮ್ಮಿಯಾಗಿಲ್ಲ ಅನ್ನುವುದು ಇನ್ನೊಂದು ವಿಷಯ. 2016ರ ನವೆಂಬರ್‌ನಲ್ಲಿ ಸುಮಾರು 18 ಲಕ್ಷ ಕೋಟಿ ರೂಪಾಯಿಯ ನೋಟು ಚಲಾವಣೆಯಲ್ಲಿತ್ತು. 2025ರ ಮಾರ್ಚ್ ಹೊತ್ತಿಗೆ 36 ಲಕ್ಷ ಕೋಟಿ ದಾಟಿತ್ತು. ಆದರೆ ಅದರ ಬೆಲೆಯಲ್ಲಿ ಹೆಚ್ಚಿನ ಪಾಲು 500ರ ನೋಟಿನದು. ಒಂದು ಮೊಳ ಹೂವಿಗೆ ಆ ನೋಟು ಕೆಲಸಕ್ಕೆ ಬರುವುದಿಲ್ಲ. ಏಪ್ರಿಲ್ 28ಕ್ಕೆ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಸೆಪ್ಟೆಂಬರ್ ಕೊನೆಯೊಳಗೆ ನೂರರಲ್ಲಿ 75 ಎಟಿಎಂಗಳಲ್ಲಿ, 2026ರ ಮಾರ್ಚ್ ಕೊನೆಯೊಳಗೆ 90ರಲ್ಲಿ, 100 ಅಥವಾ 200ರ ನೋಟು ಸಿಗುವಂತಿರಬೇಕು ಅಂತ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆರತಿ ತಟ್ಟೆ.

ಅದೇ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕರೆಂಟು ಹೋಗಿ ಕಾರ್ಡು ಮಿಷನ್ನುಗಳೆಲ್ಲ ಸತ್ತವು. ಕೈಯಲ್ಲಿ ನಗದಿದ್ದವರು ನೀರು, ಬ್ಯಾಟರಿ, ರೇಡಿಯೋ ಕೊಂಡರು. ನಗದು ಬಹಳ ಕಮ್ಮಿ ಬಳಸುವ ಸ್ವೀಡನ್ 2024ರ ಕೊನೆಯಲ್ಲಿ ಮನೆಮನೆಗೆ ಒಂದು ಪುಸ್ತಿಕೆ ಕಳಿಸಿತ್ತು. ಕಷ್ಟಕಾಲಕ್ಕೆ ಒಂದು ವಾರಕ್ಕಾಗುವಷ್ಟು ನಗದು ಇಟ್ಟುಕೊಳ್ಳಿ, ಬೇರೆ ಬೇರೆ ಬೆಲೆಯ ನೋಟುಗಳಿರಲಿ ಅನ್ನುವ ಸಲಹೆ ಅದರಲ್ಲಿತ್ತು.

ಆಮೇಲೆ

ಜುಲೈನಲ್ಲಿ ಇನ್ನೊಂದು ಗಾಳಿ ಬೀಸಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನುವ ಬೋರ್ಡು ಬಂತು. ಅಕ್ಕನಿಗೆ ನೋಟಿಸ್ ಬಂದಿರಲಿಲ್ಲ. ಬಿಡಿ ಹೂವಿಗೆ ತೆರಿಗೆಯೂ ಇಲ್ಲ. ಆದರೂ ಹೆದರಿ ಎರಡು ದಿನ ಸ್ಕ್ಯಾನ್ ಚೀಟಿಗೆ ಬಟ್ಟೆ ಮುಚ್ಚಿದರು. ಆ ಎರಡು ದಿನ ಜನ ಹೂವಿನ ಮೇಲೆ ಕೈ ಇಟ್ಟು, ಬಟ್ಟೆ ನೋಡಿ, ಕೈ ತೆಗೆದು ಹೋದರು. ಮೂರನೇ ದಿನ ಅಕ್ಕನೇ ಬಟ್ಟೆ ತೆಗೆದರು. ಯುಪಿಐ ಬೇಡ ಅನ್ನುವ ದಾರಿ ಅವರಿಗೆ ಉಳಿದಿಲ್ಲ. ಅದನ್ನು ಅವರ ಪರವಾಗಿ ನಾವೆಲ್ಲ ಸೇರಿ ಮುಚ್ಚಿದ್ದೇವೆ.

ಈಗ ಅಂಗಡಿಯಲ್ಲಿ ಕೆಲವು ಬದಲಾವಣೆ ಆಗಿವೆ. ತಗಡಿನ ಡಬ್ಬದಿಂದ ಸೂಜಿ ದಾರ ಹೊರಗೆ ಬಂದಿವೆ. ಪ್ರತಿ ಶನಿವಾರ ರಾತ್ರಿ ಅರ್ಚಕರು ತಟ್ಟೆಯ ಚಿಲ್ಲರೆ ಕೊಟ್ಟು ಅಕ್ಕನಿಂದ ನೋಟು ತೆಗೆದುಕೊಳ್ಳುತ್ತಾರೆ. ಡಬ್ಬದಲ್ಲಿ 500 ರೂಪಾಯಿ ಚಿಲ್ಲರೆ ಯಾವಾಗಲೂ ಇರಬೇಕು ಅಂತ ಅಕ್ಕನ ಕಟ್ಟುನಿಟ್ಟು. 200 ಪುಟದ ಒಂದು ನೋಟ್‌ಬುಕ್ ತಂದುಕೊಟ್ಟೆ. ಹನ್ನೊಂದು ಮನೆ ಮತ್ತೆ ತಿಂಗಳ ಲೆಕ್ಕಕ್ಕೆ ಬಂದಿವೆ, ನಮ್ಮದೂ ಸೇರಿ. ದಿನಾ ಬೆಳಗ್ಗೆ ಎರಡು ಮೊಳ, ತಿಂಗಳ ಕೊನೆಗೆ ದುಡ್ಡು. ನಾನು ಫೋನಿನ ಕವರಿನೊಳಗೆ ನೂರರದ್ದು ಎರಡು, ಐವತ್ತರದ್ದು ಎರಡು ಮಡಚಿ ಇಟ್ಟಿದ್ದೇನೆ.

ಗೌರಿ ಹಬ್ಬದ ಹಿಂದಿನ ದಿನ ಒಬ್ಬ ಹುಡುಗ ಬಂದು ಸಂಕೋಚದಿಂದ ನಿಂತ. "ಅಕ್ಕ, ಏಪ್ರಿಲ್‌ನಲ್ಲಿ 60 ರೂಪಾಯಿ ಬಾಕಿ ಇತ್ತು. ಕೆಲ್ಸ ಬಿಟ್ಟು ಊರಿಗೆ ಹೋಗ್ಬಿಟ್ಟಿದ್ದೆ." ಅಕ್ಕ ಮೊಳೆಗೆ ಸಿಕ್ಕಿಸಿದ್ದ ಕ್ಯಾಲೆಂಡರ್ ಹಾಳೆ ತೆಗೆದು ಬೆರಳಿಟ್ಟು ಹುಡುಕಿದರು. ಕನ್ನಡಕ, ನೀಲಿ ಬ್ಯಾಗು. ಗೀಟು ಹಾಕಿದರು. ಇನ್ನು ಏಳು ಸಾಲು ಹಾಗೇ ಇವೆ. ಹಾಳೆಯನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿದರು.